ಎತ್ತದ ಕಸಬರಿಗೆ

ಕಮಲಾಪುರದ ಹೊರಗೆ, ಗುಡ್ಡದ ಮಗ್ಗುಲಲ್ಲಿ ಸಿದ್ಧಲಿಂಗನ ಬನವಿದೆ. ಶ್ರಾವಣದ ಮೊದಲ ಸೋಮವಾರಕ್ಕೆ ಮುಂಚೆ ಅಲ್ಲಿನ ಕಾಲುದಾರಿ ಗುಡಿಸಿ, ತರಗೆಲೆಯನ್ನು ಮರಗಳ ಬುಡಕ್ಕೆ ಸರಿಸುವ ಸೇವೆ ಶಿವಕಾಂತಮ್ಮನ ಮನೆಯದು. ಅವಳು ಗುಡಿಸಿದ ಮೇಲೆಯೇ ಉಳಿದವರು ಬನದಲ್ಲಿ ಕೆಲಸಕ್ಕೆ ಕೈಹಚ್ಚಬೇಕು. ಸೇವೆಯ ಕಸಬರಿಗೆ ಬೇರೆಯವರಿಗೆ ಹೋಗಬೇಕಾದರೂ ಹಿಡಿದವಳೇ ಕೊಡಬೇಕು. ಕಸಿದರೆ ಸೇವೆ ಸಲ್ಲದು. ಅವಳಿಗೆ ಅತ್ತೆ ಕೊಟ್ಟಿದ್ದಳು.

ಈ ಸಲ ಶಿವಕಾಂತಮ್ಮ ಕಸಬರಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬನದ ಬಾಗಿಲಲ್ಲಿ ಕುಳಿತುಬಿಟ್ಟಳು. ಎದುರಿಗೆ ಶಹಾಬಾದ ಫರಸಿಕಲ್ಲು ತುಂಬಿದ ಟ್ರ್ಯಾಕ್ಟರು. ಎಲೆಯನ್ನೆಲ್ಲ ಸುಟ್ಟು ಬನದ ತುಂಬ ಫರಸಿ ಹಾಸುವುದೆಂದು ಗುಡಿಯ ಕಮಿಟಿ ಠರಾವು ಮಾಡಿತ್ತು.

"ಏಳ್ರಿ ವೈನಿ, ಮಂದಿ ನಗಾಕತ್ತಾರ," ಎಂದ ಖಂಡೆಪ್ಪ. ಅವಳ ಗಂಡನ ಚಿಕ್ಕಪ್ಪನ ಮಗ, ಕಮಿಟಿಯ ಅಧ್ಯಕ್ಷ.

"ನಗಲಿ. ನಗೂದ್ರಾಗ ಏನೂ ಸುಡಂಗಿಲ್ಲ."

"ಒಂದ್ ಜೇಡದ ಸಲುವಾಗಿ ದೇವರ ಸೇವಾ ಬಿಡ್ತೀರಿ?"

ಆ ಜೇಡವನ್ನು ಅವಳು ಹೋದ ತಿಂಗಳು ನೋಡಿದ್ದು ಕಲಬುರಗಿಯಲ್ಲಿ. ಶರಣಬಸಪ್ಪನ ದರ್ಶನ ಮುಗಿಸಿ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ತಂಗಿಯ ಮಗಳು ಶೀಲಾಳನ್ನು ಕಾಣಲು ಹೋಗಿದ್ದಳು. ಶೀಲಾ ಭೂತಗನ್ನಡಿ ಹಿಡಿದು ತೋರಿಸಿದ್ದಳು: ಮಡಚಿ ನೂಲಿನಿಂದ ಹೊಲಿದ ಒಂದು ಒಣ ಎಲೆ, ಅದರೊಳಗೆ ತತ್ತಿಗಳನ್ನು ಅಪ್ಪಿ ಕುಳಿತ ಎಲೆಬಣ್ಣದ ಜೇಡ. "ಇದು ನಿಮ್ಮ ಬನದಾಗಷ್ಟೇ ಸಿಗ್ತದ ದೊಡ್ಡವ್ವ. ಎಲ್ಲಾ ಕಡಿ ಹುಡುಕೀನಿ, ಇನ್ನೆಲ್ಲೂ ಇಲ್ಲ. ತರಗೆಲಿನೇ ಅದರ ಮನಿ."

ಶಿವಕಾಂತಮ್ಮ ತಲೆಯೆತ್ತಿದಳು. "ಸೇವಾ ಬಿಟ್ಟಿಲ್ಲ ಖಂಡೆಪ್ಪಾ, ಮಾಡಾಕತ್ತೀನಿ. ಅದಕ್ಕ ಸಿದ್ಧಲಿಂಗ ಜಾಗಾ ಕೊಟ್ಟಾನ. ಬಿಡಸಾಕ ನೀ ಯಾರು, ನಾ ಯಾರು?"

"ಹಂಗಾದ್ರ ಕಸಬರಿಗಿ ದೌಲಪ್ಪನ ಮನಿಗಿ ಕೊಡ್ರಿ. ಅವರು ಗುಡಸ್ತಾರ."

"ಕೊಡಂಗಿಲ್ಲ."

"ಕಸಗೊಂಡ್ರ?"

ಅವಳು ಹಿಡಿ ಬಿಗಿ ಮಾಡಿ ಕಸಬರಿಗೆಯನ್ನು ಅವನ ಎದೆಗೆ ನೇರ ಹಿಡಿದಳು. "ಕಸಗೋ, ನೋಡೂಣು."

ಖಂಡೆಪ್ಪನ ಕೈ ಮೇಲೇಳಲಿಲ್ಲ. ಟ್ರ್ಯಾಕ್ಟರಿನ ಮೇಲಿಂದ ಕಲ್ಲು ಹಾಸುವ ಗೌಂಡಿ ನಬಿಸಾಬ್ ಕೇಳಿದ: "ಫರಸಿ ಇಳಸಲೇನ್ರಿ, ಇಲ್ಲಾ ಚಾ ಕುಡದ್ ಬರಲೇನ್ರಿ?"

"ಹೋಗು, ಕುಡಿ ಹೋಗು," ಎಂದ ಖಂಡೆಪ್ಪ.

ಶ್ರಾವಣದ ಮೊದಲ ಸೋಮವಾರ ಬಂತೆಂದರೆ ತಿಂಗಳಿಡೀ ಬನದಲ್ಲಿ ಹಾರೆ ಗುದ್ದಲಿ ಆಡಿಸುವಂತಿಲ್ಲ. ಆ ಸೋಮವಾರ ಬೆಳಗ್ಗೆ ಶಿವಕಾಂತಮ್ಮ ಮತ್ತೆ ಅಲ್ಲೇ ಕುಳಿತಿದ್ದಳು. ತಾನು ಮದುವೆಯಾಗಿ ಬಂದಾಗಿನಿಂದ ಕಾಲುದಾರಿ ಗುಡಿಸದೆ ಉಳಿದದ್ದು ಇದೇ ಮೊದಲು. ತಪ್ಪಾಗಿದ್ದರೆ ನನ್ನೊಬ್ಬಳ ಮೇಲಿರಲಿ ತಂದೆ, ಎಂದು ಒಳಗೊಳಗೇ ಬೇಡಿಕೊಂಡಳು. ಬಂದವರಿಗೆ ಮಾತ್ರ ದನಿ ಗಟ್ಟಿಯಾಗಿಯೇ ಇತ್ತು: "ಅಂಚಿಗಿ ನಡೀರಿ. ಕಾಲ ಕೆಳಗ ಮನಿ ಅದಾವ."

ಬಿಲ್ವಪತ್ರೆ ಹಿಡಿದು ಖಂಡೆಪ್ಪನೂ ಬಂದ. ಎಲೆ ಮುಚ್ಚಿದ ದಾರಿಯನ್ನು ನೋಡಿದ, ಅವಳನ್ನು ನೋಡಿದ. ಚಪ್ಪಲಿ ಬಿಟ್ಟು ಅಂಚಿಗೇ ಕಾಲಿಟ್ಟ.

"ಶ್ರಾವಣ ಮುಗೀಲಿ ವೈನಿ, ಆಮ್ಯಾಲ ನೋಡ್ಕೋತೀನಿ."

"ಬಾ," ಎಂದಳು ಅವಳು, ಕಸಬರಿಗೆಯ ಮೇಲೆ ಉದುರಿದ ಎಲೆಯೊಂದನ್ನು ಎತ್ತಿ ಮೆಲ್ಲಗೆ ನೆಲಕ್ಕಿಡುತ್ತ. "ಇಲ್ಲೇ ಇರ್ತೀನಿ."