ಗೀರಿಲ್ಲದ ಗುರಾಣಿ

ತೆಗೆಯಾ ಊರಿನ ನಿಕಾರೆತಾಳ ಮನೆಗೆ ಪಾರಸಿಕರೊಡನೆ ನಡೆದ ಪ್ಲತಾಯದ ಯುದ್ಧದಿಂದ ಹಿರಿಮಗ ತಿಮೋಲನ ಗುರಾಣಿಯೊಂದೇ ಮರಳಿತ್ತು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಪಾರಸಿಕರು ಅವನ ಹತ್ತಿರ ಸುಳಿಯಲೂ ಹೆದರಿದರಂತೆ ಎಂದು ಊರು ಕತೆ ಕಟ್ಟಿತು. ಮೊದಮೊದಲು ಅವನು ಕೊಂದವರು ಐದಾರು ಮಂದಿಯಿದ್ದರು. ಆಲಿವ್ ಮರ ಮತ್ತೆ ಕಾಯಿ ಬಿಡುವಷ್ಟರಲ್ಲಿ ಅದು ಒಂದು ದಂಡೇ ಆಗಿತ್ತು.

ನಿಕಾರೆತಾ ಆ ಕತೆಯನ್ನು ಮದ್ದಿನಂತೆ ಕುಡಿದು ಬದುಕಿದವಳು. ಈಗ ಕಿರಿಮಗ ಫಾನೆಸ್ ಅದೇ ಗುರಾಣಿ ಹೊತ್ತು, ಕಡಲಾಚೆ ಪಾರಸಿಕರ ಮೇಲೆ ಹೋಗುವ ಹಡಗು ಹತ್ತಲು ಹೊರಟಿದ್ದ. ದೂರದಿಂದ ಬಾಣ ಬಿಡುವ ಹೇಡಿಗಳು, ಅವರಿಗೇನು ಹೆದರುವುದು ಎನ್ನುತ್ತಿದ್ದ.

ಇವನೂ ಅಣ್ಣನ ಹಾಗೇ ಹೋಗಿಬಿಟ್ಟರೆ ಎಂದು ಅವಳು ಹೆದರಿದಳು. ಯುದ್ಧದಲ್ಲಿ ತಿಮೋಲನ ಪಕ್ಕದಲ್ಲೇ ಇದ್ದು ಕಾಲು ಕುಂಟಾಗಿ ಬಂದ ಕುರುಬ ಅಲ್ಕೆನೋರನನ್ನು ಕರೆಸಿ, ಮಗನೆದುರು ಕೂರಿಸಿ, ಕಂಡದ್ದನ್ನು ಕಂಡ ಹಾಗೆ ಹೇಳೆಂದಳು.

ಅವನು ತಲೆ ತಗ್ಗಿಸಿಯೇ ಹೇಳಿದ. ಬಲಿಯ ಆಡಿನ ಕರುಳಿನಲ್ಲಿ ಶುಭಶಕುನ ಕಾಣುವವರೆಗೆ ಯಾರೂ ಏಳಕೂಡದೆಂದು ಅಪ್ಪಣೆಯಾಗಿತ್ತು. ಗುರಾಣಿಯನ್ನು ಕಾಲ ಬಳಿ ಇಟ್ಟು ಎಲ್ಲರೂ ಕೂತರು. ಆಡಿನ ಮೇಲೆ ಆಡು ಕಡಿದರೂ ಶಕುನ ಒಲಿಯಲಿಲ್ಲ. ಬಾಣಗಳು ಮಾತ್ರ ಬೀಳುತ್ತಲೇ ಇದ್ದವು.

"ಅವನು ಯಾರನ್ನೂ ಹೊಡೀಲಿಲ್ಲಕ್ಕ. ಎದ್ದೇ ಇರ್ಲಿಲ್ಲ. ಕುತ್ತಿಗೇಲಿ ಬಾಣ ನೆಟ್ಕೊಂಡು, 'ಶಕುನ ಆಯ್ತಾ?' ಅಂತ ಕೇಳ್ದ. ಅಷ್ಟೇ."

ಇಷ್ಟು ದಿನ ಎತ್ತಿ ಆಡಿಸಿದ್ದ ಕತೆ ನಿಕಾರೆತಾಳ ಮಡಿಲಲ್ಲೇ ತಣ್ಣಗಾಯಿತು. ಆದರೂ ಮಗನ ಮುಖವನ್ನೇ ನೋಡಿದಳು.

ಫಾನೆಸ್ ನಕ್ಕ. "ಹಂಗಾದ್ರೆ ಗೆದ್ದೋರ್ಯಾರು ಕುಂಟಣ್ಣಾ, ಆಡುಗಳಾ?"

"ಕೊನೆಗೆ ಶಕುನ ಆಯ್ತು, ಎದ್ವಿ. ಪಾರಸಿಕರ ಗುರಾಣಿ ಬರೀ ಹೆಣೆದ ಕಡ್ಡಿ ಕಣಪ್ಪಾ, ಮೈಮೇಲೆ ಕವಚ ಇಲ್ಲ. ಅದಕ್ಕೇ ಗೆದ್ವಿ. ಹೇಡಿಗಳಲ್ಲ ಅವರು. ಬರಿಗೈಲಿ ನಮ್ಮ ಈಟಿ ಹಿಡಿದು ಮುರಿದು ಹಾಕಿದ್ರು."

"ಬದುಕಿ ಬಂದೋರಿಗೆ ಸತ್ತೋರ ಮೇಲೆ ಹೊಟ್ಟೆಕಿಚ್ಚು," ಎಂದ ಫಾನೆಸ್.

ಕೊಟ್ಟ ದ್ರಾಕ್ಷಾರಸವನ್ನು ಮುಟ್ಟದೆ ಅಲ್ಕೆನೋರ್ ಎದ್ದು ಹೋದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು. ಮರುದಿನದಿಂದ ಬಾವಿಕಟ್ಟೆಯಲ್ಲಿ ಯಾರೂ ಅವನೊಡನೆ ಮಾತಾಡಲಿಲ್ಲ, ನಿಕಾರೆತಾಳೊಡನೆಯೂ ಅಷ್ಟಕ್ಕಷ್ಟೆ.

ಹೊರಡುವ ಬೆಳಿಗ್ಗೆ ಗುರಾಣಿಯನ್ನು ತಾಯಿಯೇ ಎತ್ತಿ ಕೊಡುವುದು ಊರ ಪದ್ಧತಿ. ನಿಕಾರೆತಾ ಅದರ ಪಟ್ಟಿಯನ್ನು ಮಗನ ತೋಳಿಗೆ ಬಿಗಿದಳು. ಬಿಡಲಾರದೆ ಇನ್ನೊಮ್ಮೆ ಬಿಗಿದಳು.

"ಯಾರು ಹೇಳಿದ್ರೂ ಇದನ್ನ ಕೆಳಗಿಡಬೇಡ ಮಗಾ."

"ಅಪ್ಪಣೆ ಆದ್ರೆ ಇಡಲೇಬೇಕಲ್ಲಮ್ಮಾ," ಎಂದು ನಗುತ್ತ ಅವನು ಅಂಗಳ ದಾಟಿದ. ಬಿಸಿಲಿಗೆ ಗುರಾಣಿ ಫಳಫಳ ಹೊಳೆಯಿತು. ಬೀದಿಯುದ್ದಕ್ಕೂ ಜನ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.