ದೂರದ ಹಿಂಡಿನ ಟಗರು

ಹಿಂಜಿದ ಉಣ್ಣೆಯನ್ನು ರಾಟೆಗೆ ಕೊಡುತ್ತಿದ್ದ ಸೂರಮ್ಮನ ಕಣ್ಣು ಸೊಸೆಯ ಕೈ ಮೇಲೆಯೇ ಇತ್ತು. ರೂಪ ಐದು ವರ್ಷದ ಸ್ವಪ್ನಳನ್ನು ಬಚ್ಚಲಿನಿಂದ ಎತ್ತಿ ತಂದು ಕಂಬಳಿಯ ಮೇಲೆ ಕೂರಿಸಿದಳು. ಕುದಾಪುರದ ಹುಲ್ಲುಗಾವಲಲ್ಲಿ ಮರಿಗಳ ಹಿಂದೆ ಓಡುತ್ತಿದ್ದ ಮೊಮ್ಮಗಳು, ಯುಗಾದಿಯಲ್ಲಿ ಬಂದ ಜ್ವರ ಇಳಿದ ಮೇಲೆ ನಿಲ್ಲಲಾರದೆ ಹೋಗಿದ್ದಳು.

"ಮಗೀನ ಎಲ್ಲೋ ಬೀಳಿಸಿದ್ದೆ ಅಂತ ಒಪ್ಕಂಬಿಡೇ."

"ಎಷ್ಟು ಸಲ ಆಣೆ ಇಡ್ಲಿ ಅತ್ತೆ? ಈ ಸಲ ನಿಮ್ಮ ತಲೇನೇ ಮುಟ್ಲಾ?"

ಮೊನ್ನೆ ಮಗ ಬಾಲರಾಜ್ ದಾವಣಗೆರೆಯಿಂದ ರಕ್ತದ ವರದಿ ತಂದಿದ್ದ. "ಹುಟ್ಟಿನಿಂದ್ಲೇ ಬಂದಿದ್ದಂತೆ ಅವ್ವ. ಮೈಯಾಗೆ ಪ್ರೋಟೀನ್ ಕಟ್ಟೋ ಯಂತ್ರ ಇರ್ತೈತಂತೆ. ಸ್ವಪ್ನಂಗೆ ಆ ಯಂತ್ರದ್ದೇ ಒಂದು ಭಾಗ ಸರಿ ಇಲ್ಲ. ಜ್ವರ ಬಂದ್ರೆ ಪೂರ್ತಿ ಎಡವಿ, ಮೆದುಳು ಸವೀತೈತೆ. ಅಪ್ಪ, ಅವ್ವ ಇಬ್ರೂ ಅದೇ ದೋಷ ಕೊಟ್ರೆ ಮಾತ್ರ ಬರೋದು."

ಇಬ್ಬರೂ! ಹೆಂಡತಿಯನ್ನು ಉಳಿಸಲು ಮಗ ಹೆಣೆದ ಕಥೆಯೆಂದುಕೊಂಡಿದ್ದಳು ಸೂರಮ್ಮ. ರೂಪ ಸ್ವಂತ ತಮ್ಮನ ಮಗಳು. ಒಳ್ಳೆಯ ರಕ್ತವೆಂದೇ ತಂದುಕೊಂಡದ್ದು.

ಅಷ್ಟರಲ್ಲಿ ಆ ತಮ್ಮ, ಕೊಂಡ್ಲಹಳ್ಳಿಯ ಜೋಗಪ್ಪ, ಟಗರೊಂದನ್ನು ಎಳೆದುಕೊಂಡು ಅಂಗಳಕ್ಕೆ ಬಂದ.

"ಎಲ್ಲಿಗೋ ಇದನ್ನ?"

"ರಾಯದುರ್ಗದ ಕಡೆ ಅಕ್ಕ, ಬದಲು ಮಾಡಾಕೆ. ಇವನ ಹೆಣ್ಣುಮರಿಗಳೇ ಬೆದೆಗೆ ಬಂದಾವೆ. ಹೋದ ಸಲ ತಡ ಮಾಡಿ ಮೂರು ಕುಂಟು ಮರಿ ಹುಟ್ಟಿದ್ವು. ದೂರದ ಹಿಂಡಿಂದೇ ಬೇಕು." ನೀರು ಕುಡಿದು ನಕ್ಕ. "ಅದಿರ್ಲಿ, ನಿನ್ನ ಮಗಳು ಪ್ರೇಮಲತಾನ ನನ್ನ ಮಗ ರವಿಕಿರಣಂಗೆ ಯಾವಾಗ ಕೊಡ್ತೀಯಾ? ಹೊರಗೆ ಯಾಕೆ, ನಮ್ಮ ನಮ್ಮಲ್ಲೇ ಇರ್ಲಿ."

ರಾಟೆ ನಿಂತಿತು. ಬಾಗಿಲಲ್ಲಿದ್ದ ರೂಪ ಅಪ್ಪನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಇವಳಿಗೆ ಮೊದಲೇ ಅರ್ಥವಾಗಿತ್ತೇ? ಸೂರಮ್ಮನಿಗೆ ಆ ನೋಟದ ಮೇಲೂ ಅನುಮಾನ ಬಂತು. ರೂಪಳಿಗೆ ಜೋಗಪ್ಪನಿಂದ ಬಂದಿದ್ದರೆ, ಬಾಲರಾಜನಿಗೆ? ಜೋಗಪ್ಪನೂ ತಾನೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

"ಶ್ರಾವಣ ಕಳೀಲಿ, ನೋಡಾನ," ಎಂದಳು.

ಅದನ್ನೇ ಒಪ್ಪಿಗೆ ಎಂದುಕೊಂಡು ಜೋಗಪ್ಪ ಟಗರಿನೊಂದಿಗೆ ಹೊರಟ.

ಸೂರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ನೂಲು ಮಾರುವ ನೆಪದಲ್ಲಿ ಸೋಮವಾರ ಚಳ್ಳಕೆರೆಗೆ ಹೋಗುವುದು, ಅಲ್ಲಿಂದ ದಾವಣಗೆರೆಯ ಬಸ್ಸು ಹತ್ತಿ ತನ್ನ ರಕ್ತವನ್ನೂ ಪರೀಕ್ಷೆಗೆ ಕೊಟ್ಟು ಬರುವುದು. ಅದರಲ್ಲಿ ಆ ದೋಷ ಸಿಕ್ಕರೆ ಪ್ರೇಮಲತಾ ತಮ್ಮನ ಮನೆ ತುಂಬುವುದಿಲ್ಲ.

"ಏನು ಅತ್ತೆ, ರಾಟೆ ನಿಲ್ಲಿಸ್ಬಿಟ್ರಿ?"

"ಏನಿಲ್ಲ. ಮಗೀನ ಇಲ್ಲಿ ಕೊಡು, ನೀನು ಊಟ ಮಾಡು."

ಸ್ವಪ್ನಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೂರಮ್ಮ ನೂಲಿನ ಉಂಡೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು.