ಮೀಸೆಮಾವನ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮೇಸ್ತ್ರಿ ಮದುವೆಯನ್ನೇನೋ ಮಾಡಿಕೊಂಡಿದ್ದ. ಮನೆಗಳನ್ನೂ ಕಟ್ಟಿದ್ದ, ಬೀದಿಗೆ ಬೀದಿಯೇ ಅವನ ಕೈಯಲ್ಲಿ ಎದ್ದು ನಿಂತಿತ್ತು. ಆದರೆ ಅವೆಲ್ಲ ಊರವರ ಮನೆಗಳು. ಅವನು, ಅವನ ಹೆಂಡತಿ, ಅವನ ತಾಯಿ ಮೂವರೂ ಇದ್ದದ್ದು ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ. ಅದರ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊಸ್ತಿಲಾಚೆಯಿಂದಲೇ ಮಾತಾಡಬೇಕು.

ಸೈಟಿರಲಿಲ್ಲವೇ? ಇತ್ತು. ಮದುವೆಯಾದ ಹೊಸದರಲ್ಲೇ ಕೊಂಡದ್ದು, ಈಗ ಅಲ್ಲಿ ಎದೆಯೆತ್ತರ ಕಳೆ. ಹೆಂಡತಿ ಕೇಳಿದಾಗಲೆಲ್ಲ ಮೇಸ್ತ್ರಿ ಒಂದು ಹೊಸ ನಕ್ಷೆ ಬರೆಯುತ್ತಿದ್ದ, ಮರುದಿನ ಹರಿದು ಹಾಕುತ್ತಿದ್ದ.

"ಮೇಸ್ತ್ರಿಯ ಸ್ವಂತ ಮನೆ ಕಣೇ. ಕೂದಲೆಳೆಯಷ್ಟು ಬಿರುಕು ಬಿಟ್ರೂ ಊರೆಲ್ಲ ಬಂದು ನೋಡಿ ನಗುತ್ತೆ" ಅನ್ನುತ್ತಿದ್ದ.

ಪಾಪ, ಅವನ ಕಷ್ಟ ಅವನಿಗೆ. ಮಾಲೀಕರು ತಲೆಯ ಮೇಲೆ ಕೂತು ಅವಸರ ಮಾಡಿದರೆ ಅವನ ಕರಣೆ ಓಡುತ್ತಿತ್ತು. ತಾನೇ ಮಾಲೀಕ ಅಂದಕೂಡಲೇ ಕೈಯೇ ಏಳುತ್ತಿರಲಿಲ್ಲ. ಹೆಂಡತಿಗೆ ಅರಮನೆಯೇನೂ ಬೇಕಿರಲಿಲ್ಲ. ತನ್ನದೆಂದು ತೆರೆದು ಮುಚ್ಚುವುದಕ್ಕೆ ಒಂದು ಬಾಗಿಲು, ಅಷ್ಟೇ. ತಲೆ ನೆರೆಯುವ ಮೊದಲು ಅದು ಸಿಕ್ಕೀತೇ ಎಂದು ನೆನೆದರೆ ಅವಳಿಗೆ ನಿಜಕ್ಕೂ ಅಳು ಬರುತ್ತಿತ್ತು.

ಹೀಗಿರುವಾಗ ಮೇಸ್ತ್ರಿ ಒಂದು ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಬೆರಳುದ್ದದ ಮೀನೊಂದನ್ನು ಹಿಡಿದುಕೊಂಡು ಬಂದ. ಅವನ ತಾಯಿಯ, ಅಂದರೆ ಅವಳ ಅತ್ತೆಯ, ಗಾಜಿನ ತೊಟ್ಟಿಯಲ್ಲಿ ಆಗಲೇ ಬಣ್ಣಬಣ್ಣದ ಪುಟ್ಟ ಮೀನುಗಳಿದ್ದವು. ಈ ಹೊಸಬನಿಗೆ ಚಪ್ಪಟೆ ತಲೆ, ಉದ್ದುದ್ದ ಮೀಸೆ. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಥೇಟ್ ನಮ್ಮಣ್ಣ. ಅದೇ ಮೀಸೆ, ಅದೇ ಮುಖ. ಬಾಯಿ ತೆಗೆಯೋದು ಮಾತಾಡೋಕಲ್ಲ, ತಿನ್ನೋಕೆ."

ಅಂದಿನಿಂದ ಅದು ಮೀಸೆಮಾವ.

"ಎಷ್ಟು ದೊಡ್ಡದಾಗುತ್ತಂತೆ ರೀ?" ಹೆಂಡತಿ ಕೇಳಿದಳು.

"ತೊಟ್ಟಿ ಎಷ್ಟೋ ಮೀನೂ ಅಷ್ಟೇ ಬೆಳೆಯೋದಂತೆ. ಅಂಗಡಿಯವನೇ ಹೇಳಿದ."

ಕೋಣೆ ಎಷ್ಟೋ ಮಗುವೂ ಅಷ್ಟೇ ಬೆಳೆಯುತ್ತೆ ಅಂದಿದ್ದರೆ ನಂಬುತ್ತಿದ್ದನೇ? ಮೀನು ಅಂದದ್ದಕ್ಕೆ ನಂಬಿದ.

ಆಮೇಲೆ ಪುಟ್ಟ ಮೀನುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಅತ್ತೆ ಪಕ್ಕದ ಮನೆ ಬೆಕ್ಕಿಗೆ ಬಾಯಿಗೆ ಬಂದಂತೆ ಬೈದರು. ಬೆಕ್ಕಿಗೆ ತೊಟ್ಟಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಲು ಬರುತ್ತದೆಯೇ ಎಂದು ಸೊಸೆಗೆ ಅನುಮಾನ. ಮೀಸೆಮಾವನ ಹೊಟ್ಟೆ ಮಾತ್ರ ದಿನದಿನಕ್ಕೆ ಗುಂಡಗಾಗುತ್ತಿತ್ತು. ಅವಳು ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡು ಮಾರುಕಟ್ಟೆಯ ಆ ತುದಿಯಲ್ಲಿದ್ದ ಇನ್ನೊಂದು ಮೀನಿನಂಗಡಿಗೆ ಹೋದಳು. ಅಂಗಡಿಯಾಕೆ ತೋಳೇರಿಸಿ ತೊಟ್ಟಿ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ನೋಡಿದಳು.

"ಬಾಯಿಂದ ಬಾಲದವರೆಗೆ ಪಕ್ಕದಲ್ಲಿ ಬಿಳೀ ಪಟ್ಟೆ ಇದೆಯಲ್ಲಮ್ಮ? ಬಾಲ ಕೆಂಪಾಗ್ತಾ ಇದೆ, ಬಾಯಿ ತಲೆಯಷ್ಟೇ ಅಗಲ. ರೆಡ್‌ಟೇಲ್ ಕ್ಯಾಟ್‌ಫಿಶ್ ಇದು. ಬಾಯಲ್ಲಿ ಹಿಡಿಸಿದ್ದೆಲ್ಲ ಇದಕ್ಕೆ ಊಟವೇ."

"ಇನ್ನೂ ಬೆಳೆಯುತ್ತಾ?"

"ಇದಿನ್ನೂ ಕೂಸು. ನೆಟ್ಟಗೆ ನಿಲ್ಲಿಸಿದ್ರೆ ನಿಮ್ಮ ಸೊಂಟಕ್ಕೆ ಬರೋಷ್ಟು ಆಗುತ್ತೆ. ಗಾಜಿನ ತೊಟ್ಟಿ ಎಲ್ಲಿ ಸಾಲುತ್ತೆ? ಒಂದು ಕೋಣೆಯಷ್ಟು ಕೊಳ ಬೇಕು. ದೊಡ್ಡದಾದ್ಮೇಲೆ ಯಾರೂ ವಾಪಸ್ ತಗೊಳ್ಳಲ್ಲ. ಕೆರೆಗಂತೂ ಬಿಡಲೇಬೇಡಿ, ಅಲ್ಲಿರೋ ಮೀನನ್ನೆಲ್ಲ ಮುಗಿಸಿಬಿಡುತ್ತೆ."

ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಇವಳಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಕೋಣೆಯಷ್ಟು ಕೊಳವಂತೆ. ಅದನ್ನು ಕಟ್ಟುವುದಕ್ಕೆ ನೆಲ ಬೇಕಲ್ಲ?

ಮನೆಗೆ ಬಂದವಳು ತುಟಿ ಪಿಟಕ್ಕೆನ್ನಲಿಲ್ಲ. ಈಗಲೇ ಹೇಳಿದರೆ ಗಂಡ ಮೀನನ್ನು ಯಾರಿಗಾದರೂ ದಾಟಿಸಿಬಿಡುತ್ತಾನೆ. ಮೊದಲು ಮೋಹ ಹತ್ತಲಿ.

ಹತ್ತಿತು ನೋಡಿ, ಚೆನ್ನಾಗೇ ಹತ್ತಿತು. ಕೆಲಸದಿಂದ ಬಂದ ಮೇಸ್ತ್ರಿ ಹೆಂಡತಿ ಕೊಟ್ಟ ಟೀ ಲೋಟವನ್ನು ಸಿಮೆಂಟು ಕೈಯಲ್ಲೇ ಹಿಡಿಯುತ್ತಿದ್ದ. ಮೀನಿಗೆ ಸೀಗಡಿ ಹಾಕುವಾಗ ಮಾತ್ರ ಉಗುರಿನ ಸಂದಿಯವರೆಗೂ ಉಜ್ಜಿ ತೊಳೆಯುತ್ತಿದ್ದ. ಮಾವ ಮೇಲೆ ಬಂದು ಅವನ ಬೆರಳಿಗೆ ಮೀಸೆ ಸವರುತ್ತಿತ್ತು. ಬಾಗಿಲಲ್ಲೇ ಅವನ ಮೊದಲ ಮಾತು "ಮಾವನಿಗೆ ಊಟ ಆಯ್ತಾ?" ಹೆತ್ತ ತಾಯಿಯನ್ನು ಕೇಳುವುದು ಅದಾದ ಮೇಲೆ. ಅತ್ತೆಗೆ ಇದರಿಂದ ಬೇಜಾರೇನಿಲ್ಲ, ಅಣ್ಣನಿಗೆ ತಾನೇ ಮರ್ಯಾದೆ ಅಂತ ಸುಮ್ಮನಾದರು.

ಒಂದು ಬೆಳಗ್ಗೆ ಮಾವ ತಿರುಗಲು ಹೋಯಿತು, ಆಗಲಿಲ್ಲ. ತಲೆ ಒಂದು ಗಾಜಿಗೆ, ಮಡಿಚಿದ ಬಾಲ ಇನ್ನೊಂದು ಗಾಜಿಗೆ ಒತ್ತಿಕೊಂಡಿತ್ತು. ಮೇಸ್ತ್ರಿ ಜೇಬಿನಿಂದ ಟೇಪು ಎಳೆದ. ಮೀನನ್ನು ಅಳೆದ, ತೊಟ್ಟಿಯ ಅಗಲ ಅಳೆದ, ಟೇಪು ಕೈಯಲ್ಲಿ ಹಿಡಿದೇ ಕುಕ್ಕರಿಸಿದ. ಹೆಂಡತಿಗೆ ತನ್ನ ಜಾಣತನಕ್ಕಾಗಿ ಒಂದು ಮೂಕಪ್ರಾಣಿ ಬೆನ್ನು ಬಗ್ಗಿಸಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಅಂಗಡಿಯಾಕೆ ಅಂದದ್ದನ್ನೆಲ್ಲ ಒಂದೂ ಬಿಡದೆ ಹೇಳಿಬಿಟ್ಟಳು.

"ಇಷ್ಟು ದಿನ ಯಾಕೆ ಸುಮ್ನಿದ್ದೆ?"

"ಬೈಯೋದಿದ್ರೆ ಆಮೇಲೆ ಬೈರಿ. ಈಗ ಇದಕ್ಕೊಂದು ತೊಟ್ಟಿ ಕಟ್ಟಿ."

"ಎಲ್ಲಿ ಕಟ್ಟಲಿ? ಈ ಮಹಡಿ ಮೇಲೆ ಅಷ್ಟು ನೀರು ನಿಲ್ಲಿಸಿದ್ರೆ ತೊಟ್ಟಿ ಸಮೇತ ಕೆಳಗಿನವರ ಮನೆಗೆ ಇಳೀತೀವಿ."

"ಸೈಟಲ್ಲಿ. ಮನೆ ಬೇಡ ರೀ. ಬರೀ ತೊಟ್ಟಿ."

ಮಧ್ಯಾಹ್ನದೊಳಗೆ ಕಳೆ ನೆಲಕ್ಕುರುಳಿತು. ಮಾವನನ್ನು ಕೆಲಸ ಮುಗಿಯುವವರೆಗೆ ಮಹಡಿಯ ಕೆಳಗಿನ ಅಂಗಳದಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ನೀರಿನ ಟ್ಯಾಂಕು ಕೊಯ್ದು ಅದರಲ್ಲಿಟ್ಟರು. ಮೇಸ್ತ್ರಿಗೆ ಕೊನೆಗೂ ಒಬ್ಬ ಮಾಲೀಕ ಸಿಕ್ಕಿದ್ದ, ಅದೂ ದಿನದಿನಕ್ಕೆ ಉದ್ದವಾಗುತ್ತ ಅವಸರ ಮಾಡುವ ಮಾಲೀಕ. ತೊಟ್ಟಿ ಎದ್ದಿತು. ಒಂದು ಪಕ್ಕಕ್ಕೆ ದಪ್ಪ ಗಾಜು ಕೂತಿತು. ಮೀನಿಗೆ ಆಗದ ಸಿಮೆಂಟಿನ ಖಾರ ಬಿಡುವವರೆಗೆ ನೀರು ತುಂಬಿಸಿ ಚೆಲ್ಲಿ, ತುಂಬಿಸಿ ಚೆಲ್ಲಿ ಮಾಡಿದ. ಅಷ್ಟರಲ್ಲಿ ಅವನಿಗೇ ಹೊಳೆಯಿತು: ಬಿಸಿಲು ಬಿದ್ದರೆ ನೀರು ಪಾಚಿ ಕಟ್ಟುತ್ತೆ, ಸೂರು ಬೇಕು. ಸೂರು ನಿಲ್ಲೋಕೆ ಗೋಡೆ ಬೇಕು. ಗೋಡೆ ಕಟ್ಟಿದ ಮೇಲೆ ಕಿಟಕಿ ಬಿಡದಿದ್ದರೆ ಮಾವನಿಗೆ ಬೆಳಕು?

ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡು ಟೀ ಒಯ್ಯುತ್ತಿದ್ದಳು. ಅತ್ತೆಗೆ ತಡೆಯಲಾಗಲಿಲ್ಲ.

"ಮೀನಿಗೆ ಅಡುಗೆಮನೆ ಯಾಕೋ?"

"ಸೀಗಡಿ ಹೆಚ್ಚೋಕೆ ಕಟ್ಟೆ ಬೇಡ್ವೇನಮ್ಮ?"

"ಮತ್ತೆ ಮಲಗೋ ಕೋಣೆ?"

"ರಾತ್ರಿ ನೀರಿಗೆ ಗಾಳಿ ಊದೋ ಪಂಪು ನಿಂತುಹೋದ್ರೆ? ಹತ್ತಿರ ಯಾರಾದ್ರೂ ಮಲಗಿರಬೇಕಲ್ಲ."

ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ಓಡಿದಳು. ಮರಳಿನ ಗುಡ್ಡೆಯ ಹಿಂದೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಊರಿನ ಬೇರೆ ಮೇಸ್ತ್ರಿಗಳೂ ಬಂದರು. ಬಾರದೆ ಇರುತ್ತಾರೆಯೇ? ಒಬ್ಬ ಗೋಡೆಗೆ ಮೂಗು ತಾಗಿಸಿ, "ಇಲ್ಲೊಂದು ಸಣ್ಣ ಬಿರುಕಿದೆಯಲ್ಲ ಮೇಸ್ತ್ರಿ" ಅಂದ. "ಮಾಲೀಕರು ಇನ್ನೂ ಏನೂ ಅಂದಿಲ್ಲ" ಎಂದು ಮೇಸ್ತ್ರಿ ಗೋಡೆಗೆ ಗಾರೆ ಬಳಿಯುತ್ತ ಗಿಲಾಯಿ ಮುಂದುವರಿಸಿದ. ಆ ಮಾತು ಕೇಳಿ ಹೆಂಡತಿಗೆ ಕುಣಿಯಬೇಕೆನಿಸಿತು.

ಕೊನೆಗೆ ಮಾವನನ್ನು ಒದ್ದೆ ಬಟ್ಟೆ ಮುಚ್ಚಿದ ಡ್ರಮ್ಮಿನಲ್ಲಿ ಕರೆತಂದು ನೀರಿಗೆ ಬಿಟ್ಟರು. ಸ್ವಲ್ಪ ಹೊತ್ತು ತಳ ಹಿಡಿದು ಕೂತಿತು. ಆಮೇಲೆ ಕೆಂಪು ಬಾಲ ಬೀಸಿ ಆ ತುದಿಯವರೆಗೆ ಈಜಿ, ಎಲ್ಲೂ ತಾಗದೆ ಆರಾಮಾಗಿ ತಿರುಗಿ ಬಂತು. ಅತ್ತೆ ಚಪ್ಪಾಳೆ ತಟ್ಟಿದರು.

ಕೆಲಸ ಮುಗಿದ ದಿನ ಬೀಗದ ಕೈಯನ್ನು ಮನೆಯವರ ಕೈಗಿಟ್ಟು, "ಇನ್ನು ನಿಮ್ಮದು" ಎಂದು ಹೇಳಿ ಹಿಂದಿರುಗಿ ನೋಡದೆ ಹೋಗಿಬಿಡುವುದು ಮೇಸ್ತ್ರಿಯ ಪದ್ಧತಿ. ಇವತ್ತೂ ಬೀಗದ ಕೈ ಹಿಡಿದು ಗಾಜಿನ ಮುಂದೆ ನಿಂತ. ಮಾವನಿಗೆ ಕೈಯಿಲ್ಲ. ಸುತ್ತ ನೋಡಿ ಅದನ್ನು ಹೆಂಡತಿಯ ಅಂಗೈಗಿಟ್ಟ.

"ಇನ್ನು ನಿಮ್ಮದು" ಎಂದವನೇ ಅಭ್ಯಾಸಬಲದಿಂದ ಬಾಗಿಲಿಗೆ ಹೋಗಿ ಚಪ್ಪಲಿಗೆ ಕಾಲು ತೂರಿಸಿದ.

"ಎಲ್ಲಿಗೆ ಹೊರಟ್ರಿ?" ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮೇಸ್ತ್ರಿ ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ನೆಲದ ಮೇಲೆ ಇಟ್ಟು ಯೋಚಿಸಿದ. ಅಡುಗೆಮನೆ ನೋಡಿದ, ಕಿಟಕಿ ನೋಡಿದ, ಅವಳನ್ನು ನೋಡಿದ.

"ಎಲ್ಲಿಗೂ ಇಲ್ಲ ಕಣೇ" ಎಂದು ಚಪ್ಪಲಿ ಬಿಟ್ಟು ಒಳಗೆ ಬಂದ.